ಮಾತ್ರೆ ತಪ್ಪಿತೇ ಎಂದು ಕೇಳುವ ಮುನ್ನ

ಕೊಟ್ಟ ಮದ್ದು ನಾಟದೆ ಹೋದರೆ ನಮ್ಮ ಕಣ್ಣು ಮೊದಲು ತಿರುಗುವುದು ರೋಗಿಯ ಕಡೆಗೇ. ‘ಪಥ್ಯ ಮಾಡಿರಲಿಕ್ಕಿಲ್ಲ, ಹೊತ್ತಿಗೆ ಸರಿಯಾಗಿ ತೆಗೆದುಕೊಂಡಿರಲಿಕ್ಕಿಲ್ಲ’ ಎನ್ನುತ್ತೇವೆ. ಬಿಪಿ, ಸಕ್ಕರೆ ಕಾಯಿಲೆಯಾದರೆ ಇದು ಮನೆಮಂದಿಯ ಗೊಣಗಾಟದಲ್ಲಿ ಮುಗಿಯುತ್ತದೆ. ಎಚ್‌ಐವಿ ಇರುವವರಿಗೆ ಹಾಗಲ್ಲ. ಸೋಂಕು ತಗುಲಿದಾಗ ಒಮ್ಮೆ ತಪ್ಪಿತಸ್ಥರೆನಿಸಿಕೊಂಡವರು, ಮದ್ದು ಸೋತಾಗ ಮತ್ತೊಮ್ಮೆ ಕಟಕಟೆ ಹತ್ತಬೇಕು.

ಊರು ಬಿಟ್ಟು ಬಂದು ಮುಂಬಯಿ ಬಳಿಯ ಡೊಂಬಿವಲಿಯ ಯಾವುದೋ ಹೋಟೆಲಿನ ಅಟ್ಟದಲ್ಲಿ ಹತ್ತು ಜನರ ನಡುವೆ ಮಲಗುವ ಕೆಲಸಗಾರನೊಬ್ಬನನ್ನು ಕಲ್ಪಿಸಿಕೊಳ್ಳಿ. ಒಂದು ಟ್ರಂಕು ಬಿಟ್ಟರೆ ತನ್ನದೆನ್ನುವ ಜಾಗ ಅವನಿಗಿಲ್ಲ. ಎಚ್‌ಐವಿಗೆ ಮದ್ದು ಕೊಡುವ ಎಆರ್‌ಟಿ ಸೆಂಟರಿನಲ್ಲಿ ಕೊಟ್ಟ ಡಬ್ಬಿಯಲ್ಲಿ ಮೂವತ್ತು ಮಾತ್ರೆಗಳು. ಟ್ರಂಕು ಸರಿಸಿದರೆ ಗಲಗಲ ಸದ್ದು. ಅದನ್ನಡಗಿಸಲು ಹತ್ತಿ ತುರುಕುತ್ತಾನೆ, ಮೇಲಿನ ಚೀಟಿ ಕಿತ್ತುಹಾಕುತ್ತಾನೆ. ರಾತ್ರಿ ಎಲ್ಲರೂ ಮಲಗಲೆಂದು ಕಾಯುತ್ತಾನೆ. ಕೆಲವು ರಾತ್ರಿ ನಿದ್ದೆ ಅವನನ್ನೇ ಮೊದಲು ಹಿಡಿಯುತ್ತದೆ. ತಿಂಗಳ ಕೊನೆಗೆ ಆರೇಳು ಮಾತ್ರೆ ಉಳಿದಿರುತ್ತವೆ. ಹತ್ತಿರದ ಆಸ್ಪತ್ರೆಯಲ್ಲಿ ಗುರುತಿನವರು ಸಿಕ್ಕಾರೆಂಬ ಭಯಕ್ಕೆ ಥಾಣೆಗೆ ಹೋಗುವವನು ಅವನು. ಅಲ್ಲಿ ಡಬ್ಬಿ ತೆರೆದು ಎಣಿಸುತ್ತಾರೆಂದೂ ಬಲ್ಲ. ಸ್ಲೋ ಲೋಕಲ್ ಕಳವಾ ದಾಟಿ ಖಾಡಿಯ ಸೇತುವೆಗೆ ಬಂದಾಗ, ಜನ ನಿರ್ಮಾಲ್ಯ ಎಸೆಯುವ ನೀರಿಗೆ ಅವನೂ ಒಂದು ಪೊಟ್ಟಣ ಎಸೆಯುತ್ತಾನೆ. ‘ಕಿತೀ ರಾಹಿಲ್ಯಾ?’ (ಎಷ್ಟು ಉಳಿದವು?) ಎಂದು ಕೇಳಿದರೆ ಖಾಲಿ ಡಬ್ಬಿ ತೋರಿಸುತ್ತಾನೆ. ಲೆಕ್ಕ ಸರಿಹೋಯಿತು.

ವೈರಾಣುವಿನ ಹತ್ತಿರ ಮಾತ್ರ ಈ ಲೆಕ್ಕ ನಡೆಯದು. ಅದು ತನ್ನ ಪ್ರತಿಗಳನ್ನು ದಿನಕ್ಕೆ ನೂರಾರು ಕೋಟಿಯಂತೆ ಹುಟ್ಟಿಸುತ್ತದೆ, ನಕಲಿನಲ್ಲಾದ ತಪ್ಪನ್ನು ತಿದ್ದಿಕೊಳ್ಳುವುದಿಲ್ಲ. ಅಂಥ ಒಂದು ತಪ್ಪೇ ಮದ್ದಿಗೆ ಬಗ್ಗದ ಗುಣವಾಗಿಬಿಡಬಹುದು. ರಕ್ತದಲ್ಲಿ ಮದ್ದು ಅರೆಬರೆಯಾಗಿದ್ದಷ್ಟೂ ಆ ತಳಿ ಮೇಲುಗೈ ಪಡೆಯುತ್ತದೆ.

ಹಾಗೆಂದು ‘ಒಂದು ದಿನವೂ ತಪ್ಪಿಸಿಲ್ಲ’ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ಮದ್ದಿಗೆ ಬಗ್ಗದ ವೈರಾಣುವೇ ಮೊದಲ ದಿನ ಮೈ ಹೊಕ್ಕಿರಬಹುದು. ಈಗ ಬಹುಪಾಲು ಜನರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ. ಎದೆಯುರಿಗೆಂದು ಅದರ ಜೊತೆಗೇ ಆ್ಯಂಟಾಸಿಡ್ ಕುಡಿದರೆ ಡೊಲುಟೆಗ್ರಾವಿರ್ ಸರಿಯಾಗಿ ರಕ್ತ ಸೇರುವುದಿಲ್ಲ. ಹೊತ್ತುಗೊತ್ತಿಲ್ಲದೆ ಉಣ್ಣುವ ಹೋಟೆಲಿನವರಿಗೆ ಎದೆಯುರಿಯೇನು ಅಪರೂಪವೇ? ಕ್ಷಯಕ್ಕೆಂದು ರಿಫಾಂಪಿಸಿನ್ ನುಂಗುತ್ತಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಹೊತ್ತು ಬೇಕು. ಇದನ್ನೆಲ್ಲ ವಿಚಾರಿಸದೆ ಬೈದರೆ, ನಿಜ ಹೇಳಿದವನನ್ನೇ ಬೈದಂತಾಗುತ್ತದೆ.

ಇನ್ನು ಕೆಲವರ ಮದ್ದನ್ನು ಸೋಲಿಸಿದ್ದು ಬಡತನ. ಮೂರು ಔಷಧ ಕೊಳ್ಳಲಾಗದೆ ಎರಡರಲ್ಲೇ ದಿನ ದೂಡಿದವರು ತೊಂಬತ್ತರ ದಶಕದ ಕೊನೆಯಲ್ಲಿ ಹಲವರಿದ್ದರು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರಿನಂತೆ ಮೂರನ್ನೂ ಕೊಡಲು ಮುಂದಾಯಿತು. ನಮ್ಮ ಸರ್ಕಾರ ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ಮೊದಲ ಸಾಲಿನ ಮದ್ದು ಸೋತವರಿಗೆ ಎರಡನೆಯ ಸಾಲು ಬಂದದ್ದು 2008ರಲ್ಲಿ, ಅದೂ ಮೊದಲಿಗೆ ಮುಂಬಯಿಯ ಜೆ.ಜೆ. ಆಸ್ಪತ್ರೆ ಮತ್ತು ಚೆನ್ನೈನ ತಾಂಬರಂನಲ್ಲಿ ಮಾತ್ರ. ಖಾಸಗಿ ವೈದ್ಯರಲ್ಲಿ ಮದ್ದು ಮಾಡಿಸಿಕೊಂಡು ಕೈಸೋತು ಬಂದವರಿಗೆ ಆರಂಭದಲ್ಲಿ ಅಲ್ಲಿಯೂ ಅಡ್ಡಿಯಿತ್ತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ತಪ್ಪು ಮದ್ದು ಬರೆದವರು ಯಾರೋ, ಅನುಭವಿಸಿದವರು ಇವರು.

ಇಂದಿನ ನಿಯಮ ಆ ಮಟ್ಟಿಗೆ ಹೆಚ್ಚು ಮಾನವೀಯ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣುವಿನ ಪ್ರತಿಗಳು (ವೈರಲ್ ಲೋಡ್) 1000 ದಾಟಿವೆ ಎಂದು ರಿಪೋರ್ಟ್ ಬಂದೊಡನೆ ಮದ್ದು ಬದಲಿಸುವುದಿಲ್ಲ. ಸುಮಾರು ಮೂರು ತಿಂಗಳು ರೋಗಿಯೊಡನೆ ಕುಳಿತು ಮಾತನಾಡಬೇಕು. ಎಲ್ಲಿ ಎಡವುತ್ತಿದೆ, ಯಾರ ಭಯ, ಮನೆಯಲ್ಲಿ ಯಾರಿಗೆ ಗೊತ್ತು ಎಂದು ತಿಳಿಯಬೇಕು. ಮತ್ತೆ ಪರೀಕ್ಷಿಸಿದಾಗಲೂ ಇಳಿಯದಿದ್ದರೆ ತಜ್ಞರ ಸಮಿತಿ ಎರಡನೆಯ ಸಾಲಿನ ಮಾತು ಎತ್ತುತ್ತದೆ. ಎಷ್ಟೋ ಜನರಿಗೆ ಅಷ್ಟರೊಳಗೆ ಹಳೆಯ ಮದ್ದೇ ಹಿಡಿಯುತ್ತದೆ. ನಿಜ ಬಾಯಿಬಿಡದವನು ಅನಗತ್ಯವಾಗಿ ಮುಂದಿನ ಸಾಲಿಗೆ ಹೋಗುತ್ತಾನೆ. ಅಲ್ಲಿಯೂ ಅದೇ ಅಟ್ಟ, ಅದೇ ಟ್ರಂಕು. ಅದರ ಮುಂದೆ ಉಳಿದಿರುವ ಸಾಲುಗಳೂ ಹೆಚ್ಚಿಲ್ಲ.

ಹಾಗಾದರೆ ರೋಗಿಗೆ ಹೊಣೆಯೇ ಇಲ್ಲವೇ? ಇದೆ. ಮಾತ್ರೆ ನುಂಗಬೇಕಾದವನು ಅವನೇ, ಅವನ ಬದಲು ಯಾರೂ ನುಂಗಲಾರರು. ಆದರೆ ‘ತಪ್ಪಿತು’ ಎಂದು ಅವನು ಹೇಳಬಲ್ಲಂಥ ಜಾಗವನ್ನು ಮಾಡಿಕೊಡುವುದು ಉಳಿದವರ ಹೊಣೆ. ಹೇಳಿದರೆ ಕೆಲಸ ಹೋಗುತ್ತದೆ, ಮಗಳ ಮದುವೆ ನಿಲ್ಲುತ್ತದೆ ಎಂಬಲ್ಲಿ ಸತ್ಯವನ್ನು ಬಯಸುವ ಹಕ್ಕು ನಮಗೆಲ್ಲಿದೆ? ದಂಡನೆಯ ಭಯವಿರುವಲ್ಲಿ ಸತ್ಯ ಕಳೆದುಹೋಗುತ್ತದೆ. ಈ ಕಾಯಿಲೆಯಲ್ಲಿ ಸತ್ಯ ಕಳೆದುಹೋದರೆ ಜೀವವೂ ಹೋಗುತ್ತದೆ.

2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ, ಸೋಂಕಿನ ನೆಪದಲ್ಲಿ ಕೆಲಸದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಗುಟ್ಟು ರಟ್ಟು ಮಾಡುವಂತಿಲ್ಲ ಎಂದೂ ಹೇಳಿದೆ. ಆದರೆ ಅಟ್ಟದ ಮೇಲೆ ಒಂದು ಗೂಡನ್ನು ಕಾನೂನು ಕಟ್ಟಿಕೊಡದು. ಕಲ್ಯಾಣ್‌ನಿಂದ ನವಿ ಮುಂಬಯಿಯವರೆಗೆ ಹೋಟೆಲು, ಕ್ಯಾಂಟೀನು ನಡೆಸುವ ನಮ್ಮವರು ಅದನ್ನು ಮಾಡಬಲ್ಲರು: ಪ್ರತಿ ಕೆಲಸಗಾರನಿಗೂ ಬೀಗವಿರುವ ಒಂದು ಸಣ್ಣ ಕಪಾಟು, ತಿಂಗಳಿಗೆ ಅರ್ಧ ದಿನ ಕಾರಣ ಕೇಳದ ರಜೆ. ಎಲ್ಲರಿಗೂ ಕೊಟ್ಟರೆ, ಯಾರಿಗೆ ಅದು ಯಾಕೆ ಬೇಕಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅಷ್ಟು ಮಾಡಿದ ಮೇಲೆ ‘ಮಾತ್ರೆ ತಪ್ಪಿತೇ?’ ಎಂದು ಕೇಳಿದರೆ, ಉತ್ತರ ನಿಜವಾಗಿರುವ ಸಾಧ್ಯತೆ ಹೆಚ್ಚು.