ಚಿತ್ರವೇ ಪಹಣಿ

ಜಮೀನು ಯಾರದೆಂದು ಕೇಳಿದರೆ ನಾವು ಪಹಣಿ ತೆಗೆದು ತೋರಿಸುತ್ತೇವೆ. ಆಸ್ಟ್ರೇಲಿಯದ ಮೂಲನಿವಾಸಿಗಳಾದ ಆಬೊರಿಜಿನಲ್ ಜನರ ಹಿರಿಯರು ಆ ನೆಲದ ಕಥೆ ಹೇಳುತ್ತಾರೆ, ಹಾಡುತ್ತಾರೆ, ಚಿತ್ರ ಬರೆಯುತ್ತಾರೆ. 1997ರಲ್ಲಿ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ಎಂಟು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಕ್ಯಾನ್ವಾಸಿನಲ್ಲಿ ತಮ್ಮ ನೀರಿನ ತಾಣಗಳನ್ನೆಲ್ಲ ಬರೆದು, ಭೂಹಕ್ಕಿನ ಸಾಕ್ಷ್ಯವಾಗಿ ನ್ಯಾಯಮಂಡಳಿಯ ಮುಂದೆ ಹಾಸಿದರು. ಒಬ್ಬೊಬ್ಬರೂ ತಾವು ಬರೆದ ತಾಣದ ಮೇಲೆ ನಿಂತು ತಮ್ಮ ನುಡಿಯಲ್ಲೇ ಮಾತಾಡಿದರು. 2007ರಲ್ಲಿ ಅವರ ಹಕ್ಕು ಮಾನ್ಯವಾಯಿತು.

ಇದರ ಹಿಂದಿರುವ ತತ್ತ್ವ ಪಾಲಕತ್ವ. ಮನುಷ್ಯನೇ ನೆಲಕ್ಕೆ ಸೇರಿದವನು. ಬೆಂಕಿಯಿಟ್ಟು ಒಣಹುಲ್ಲು ಸುಡುವುದು, ನೀರಿನ ಗುಂಡಿ ಶುಚಿಯಾಗಿಡುವುದು, ವಿಧಿ ನಡೆಸುವುದು ಅವನ ಪಾಲಿನ ಕೆಲಸ. ನಮ್ಮ 'ಮಣ್ಣಿನ ಋಣ' ಇದಕ್ಕೆ ಹತ್ತಿರ ಬರುತ್ತದೆ, ಆದರೆ ಪೂರ್ತಿ ಅಲ್ಲ. ನಾವು ಊರು ಬಿಡುವಾಗ ಋಣ ತೀರಿತೆನ್ನುತ್ತೇವೆ. ಈ ಹೊಣೆ ತೀರುವುದಿಲ್ಲ, ಅದನ್ನು ಮಾರಲೂ ಬರುವುದಿಲ್ಲ. ಒಂದು ಜಾಗದ ಕಥೆ ಯಾರಿಗೆ ಹಿರಿಯರಿಂದ ಬಂದಿದೆಯೋ ಅದನ್ನು ಬರೆಯುವ ಅಧಿಕಾರ ಅವರದೇ. ಬ್ರಿಟಿಷರು ಈ ನೆಲವನ್ನೆಲ್ಲ ಯಾರಿಗೂ ಸೇರದ್ದೆಂದುಕೊಂಡರು. ಆ ಸುಳ್ಳನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರ ಮಾಬೊ ತೀರ್ಪಿನಲ್ಲಿ.

ಕ್ಯಾಥೊಲಿಕ್ ಚರ್ಚು ಇಂಥ ನೆಲದಲ್ಲಿ ಅತಿಥಿ. ಪಶ್ಚಿಮ ಆಸ್ಟ್ರೇಲಿಯದ ಬೀಗಲ್ ಬೇಯಲ್ಲಿ 1918ರಲ್ಲಿ ತೆರೆದ ಚರ್ಚಿನ ಬಲಿಪೀಠ ಮುತ್ತಿನ ಚಿಪ್ಪಿನಿಂದ ಹೊಳೆಯುತ್ತದೆ. ಅದರ ಅಲಂಕಾರದಲ್ಲಿ ಸುತ್ತಲ ಆಬೊರಿಜಿನಲ್ ಜನರ ಗುರುತುಗಳೂ ಸೇರಿವೆ. ಆದರೆ ಆ ಚರ್ಚಿದ್ದ ಮಿಷನ್ನಿನಲ್ಲೇ ಆಬೊರಿಜಿನಲ್ ತಾಯಂದಿರಿಂದ ಕಿತ್ತು ತಂದ ಮಕ್ಕಳೂ ಬೆಳೆದರು. ಚಿಪ್ಪಿನ ಹೊಳಪು ಆ ನೋವನ್ನು ಮುಚ್ಚಬಾರದು. ಹೊರಗಿನವರು ಅಂದಕ್ಕೆಂದು ಆಬೊರಿಜಿನಲ್ ಶೈಲಿಯ ಚುಕ್ಕಿಯಿಟ್ಟರೆ ಅದು ಬರೀ ಅಲಂಕಾರ. ಕುಂಚ ಆ ನೆಲದವರ ಕೈಯಲ್ಲಿದ್ದು, ಏನು ಬರೆಯಬೇಕೆಂದು ಅವರೇ ನಿಶ್ಚಯಿಸಿದಾಗ ಮಾತ್ರ ಚರ್ಚು ಅವರ ಪಾಲಕತ್ವವನ್ನು ಒಪ್ಪಿಕೊಂಡಂತೆ. ಆಬೊರಿಜಿನಲ್ ಜನರ ಕೊಡುಗೆಯನ್ನು ಸಂತೋಷದಿಂದ ಸ್ವೀಕರಿಸುವವರೆಗೆ ಆಸ್ಟ್ರೇಲಿಯದ ಚರ್ಚು ಪೂರ್ಣವಾಗದೆಂದು ಪೋಪ್ ಎರಡನೆಯ ಜಾನ್ ಪಾಲ್ 1986ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹೇಳಿದ್ದರ ಇಂಗಿತವೂ ಇದೇ ಇರಬೇಕು.

ಹೀಗೆ ನೆಲದವರೇ ನಿಶ್ಚಯಿಸಿ ಮಾಡಿದ ಒಂದು ಕೆಲಸವೂ ಇದೆ. ವಾರ್ಮುನ್ ಎಂಬ ಊರಿನಲ್ಲಿ ಆಬೊರಿಜಿನಲ್ ಪಂಗಡವಾದ ಗಿಜಾ ಜನರ ಹಿರಿಯ ಜಾರ್ಜ್ ಮುಂಗ್ ಮುಂಗ್ 1980ರ ದಶಕದಲ್ಲಿ ಮರದಲ್ಲಿ ಯೇಸುವಿನ ತಾಯಿ ಮೇರಿಯನ್ನು ಕೆತ್ತಿದರು. ಅವಳು ಗಿಜಾ ಹುಡುಗಿ. ಮೈಮೇಲೆ ಅವರದೇ ವಿಧಿಯ ಬಣ್ಣದ ಗೆರೆಗಳಿವೆ. ಗರ್ಭದಲ್ಲಿರುವ ಮಗು ಹೊರಗೆ ಕಾಣುತ್ತದೆ. ಅಲ್ಲಿನ ಕ್ಯಾಥೊಲಿಕ್ ಶಾಲೆಯ ಹೆಸರು ಙಲಂಗಂಗ್‌ಪುಮ್. ಗಿಜಾ ನುಡಿಯಲ್ಲಿ ತಾಯಿ ಮತ್ತು ಮಗು ಎಂದರ್ಥ.