ವಿಹಾರಕ್ಕೂ ಒಂದು ನೀತಿ ಉಂಟೇ?



ಶನಿವಾರ ಸಂಜೆಯಾಗುತ್ತಿದ್ದಂತೆ ಬೆಂಗಳೂರಿನ ಪಶ್ಚಿಮ ಭಾಗದ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ‘ನಾಳೆ ಎಲ್ಲಿಗೆ ಹೋಗೋಣ?’ ಭಾನುವಾರದ ಬಲಿಪೂಜೆ ಮುಗಿಸಿ ಕೆಂಗೇರಿಯವರು ಮೆಟ್ರೊ ಹತ್ತುತ್ತಾರೆ. ವಿಜಯನಗರ, ಬಸವೇಶ್ವರನಗರದವರು ಮೆಚ್ಚಿನ ಹೋಟೆಲಿನ ಮುಂದೆ ದೋಸೆಗಾಗಿ ಸಾಲು ನಿಲ್ಲುತ್ತಾರೆ. ಊರಿನಿಂದ ಬಂದ ನೆಂಟರಿಗೆ ರಾಜಾಜಿನಗರದ ಗುಡ್ಡದ ಮೇಲಿನ ಇಸ್ಕಾನ್ ಮಂದಿರವನ್ನೋ ಹೊಳೆಯುವ ಮಾಲನ್ನೋ ತೋರಿಸಿ, ಅಲ್ಲಿಯೇ ಊಟ ಮಾಡಿಸಿ ಕಳುಹಿಸುವುದು ವಾಡಿಕೆಯಾಗಿದೆ. ತಿಂಡಿ-ತಿರುಗಾಟದಂತಹ ಸಾಮಾನ್ಯ ಸಂಗತಿಯಲ್ಲಿ ನೀತಿಚಿಂತನೆಗೆ ಎಡೆಯೆಲ್ಲಿದೆ ಎಂದು ನೀವು ಕೇಳಬಹುದು. ಎಡೆಯಿದೆ ಎಂಬುದೇ ಈ ಬರಹದ ಆಶಯ.

ಮೊದಲಿಗೆ ಒಂದು ಅನುಮಾನವನ್ನು ಪರಿಹರಿಸಿಕೊಳ್ಳೋಣ. ನಕ್ಕು ನಲಿಯುವುದು, ರುಚಿಯಾದುದನ್ನು ತಿನ್ನುವುದು ಪಾಪವಲ್ಲ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ಕುರಿತು ಒಂದು ಹಳೆಯ ಕಥೆಯನ್ನು ನೆನಪಿಸುತ್ತಾರೆ. ಶುಭಸಂದೇಶಕರ್ತರಾದ ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಮೂಗುಮುರಿದರಂತೆ. ಆಗ ಸಂತರು ಬಿಲ್ಲು ಹಿಡಿದಿದ್ದ ಒಬ್ಬನಿಂದ ಬಾಣ ಬಿಡಿಸಿ, ಹೀಗೆಯೇ ಬಿಡುವಿಲ್ಲದೆ ಬಿಡಬಲ್ಲೆಯಾ ಎಂದು ಕೇಳಿದರು. ಸದಾ ಬಿಗಿದಿಟ್ಟರೆ ಬಿಲ್ಲು ಮುರಿದೀತು ಎಂದು ಅವನು ಉತ್ತರಿಸಿದ. ಮನಸ್ಸೂ ಹಾಗೆಯೇ ಎಂಬುದು ಕಥೆಯ ತಾತ್ಪರ್ಯ. ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನೂ ನಲಿಯದೆ ಇತರರ ನಲಿವಿಗೂ ಅಡ್ಡಿಯಾಗುವುದು ದೋಷವೇ ಎನ್ನುತ್ತಾರೆ. ಆದುದರಿಂದ ವಿಹಾರ ಬೇಕೇ ಎಂಬುದು ನಮ್ಮ ಪ್ರಶ್ನೆಯಲ್ಲ. ಆ ನಲಿವಿನಿಂದ ಯಾರು ಹೊರಗುಳಿಯುತ್ತಾರೆ, ಅದರ ಭಾರವನ್ನು ಯಾರು ಹೊರುತ್ತಾರೆ ಎಂಬುದು ನಮ್ಮ ಪ್ರಶ್ನೆ.

2024ರಲ್ಲಿ ನಮ್ಮ ಈ ಭಾಗದಲ್ಲಿಯೇ ನಡೆದ ಎರಡು ಘಟನೆಗಳು ನಿಮಗೆ ನೆನಪಿರಬಹುದು. ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಮೂಟೆ ಹೊತ್ತು ಬಂದ ಒಬ್ಬ ರೈತನನ್ನು ಬಟ್ಟೆ ಕೊಳೆಯಾಗಿದೆಯೆಂದು ತಡೆಯಲಾಯಿತು. ಅವನ ಬಳಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಅವನ ಪರವಾಗಿ ವಾದಿಸಿದ ಮೇಲೆ ಅವನ ಪ್ರಯಾಣ ಸಾಧ್ಯವಾಯಿತು. ಜುಲೈನಲ್ಲಿ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಡನೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಮಾಲೊಂದಕ್ಕೆ ಬಂದಾಗ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಈ ವಿಷಯ ವಿಧಾನಸಭೆಯಲ್ಲಿ ಪ್ರಸ್ತಾಪವಾಯಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಮಾಲಿನವರು ಆ ಹಿರಿಯರ ಕ್ಷಮೆ ಕೇಳಿದರು. ಮೆಟ್ರೊ ಪ್ರಕರಣದಲ್ಲಿ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಲಾಯಿತು.

ನ್ಯಾಯ ದೊರಕಿತೆಂದು ನಾವೆಲ್ಲ ಸಮಾಧಾನಪಟ್ಟೆವು. ಆದರೆ ಆ ಸಮಾಧಾನ ತುಸು ಅವಸರದ್ದಲ್ಲವೇ? ಬಾಗಿಲಲ್ಲಿ ನಿಂತು ತಡೆಯುವ ಕಾವಲುಗಾರ ಸಾಮಾನ್ಯವಾಗಿ ಯಾರು? ಬಹಳಷ್ಟು ಸಲ ಅವನೂ ಹಳ್ಳಿಯಿಂದ ಬಂದವನೇ. ಅವನ ತಂದೆಯೂ ಪಂಚೆ ಉಟ್ಟವನಾಗಿರಬಹುದು. ಹೊರಗಿನ ಬಟ್ಟೆಯ ದೃಷ್ಟಿಯಿಂದ ಮನುಷ್ಯರನ್ನು ಬೇರ್ಪಡಿಸುವುದನ್ನು ಅವನಿಗೆ ಯಾರೋ ಕಲಿಸಿದ್ದಾರೆ. ಕಲಿಸಿದವರು ಒಳಗೆ ಬರುವ ಗಿರಾಕಿಗಳ ಮನಸ್ಸನ್ನು ಊಹಿಸಿ ಕಲಿಸಿದ್ದಾರೆ. ಆ ಗಿರಾಕಿಗಳು ನಾವೇ. ಪಕ್ಕದ ಮೇಜಿನಲ್ಲಿ ಮಾಸಿದ ಬಟ್ಟೆಯವನು ಕುಳಿತರೆ ನಮ್ಮ ಹುಬ್ಬು ಮೇಲೇರುತ್ತದೆ ಎಂಬುದು ವ್ಯಾಪಾರಿಗೆ ಗೊತ್ತು. ಕಾವಲುಗಾರನ ಕೋಲಿನ ಹಿಂದೆ ನಮ್ಮ ಹುಬ್ಬಿದೆ. ಆದುದರಿಂದ ಅವನೊಬ್ಬನನ್ನು ಶಿಕ್ಷಿಸಿದರೆ ವಿಷಯ ಮುಗಿಯುವುದಿಲ್ಲ.

ನಮ್ಮ ಸಂವಿಧಾನವನ್ನು ರಚಿಸಿದವರಿಗೆ ಈ ಅಪಾಯದ ಅರಿವು ಚೆನ್ನಾಗಿಯೇ ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡವು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕಾಗಿ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಹಾಗೂ ಮನರಂಜನೆಯ ಸ್ಥಳಗಳಲ್ಲಿ ಪ್ರವೇಶ ನಿರಾಕರಿಸಬಾರದೆಂದು ವಿಧಿಸುತ್ತದೆ. ರಾಷ್ಟ್ರದ ಮೂಲ ಶಾಸನದಲ್ಲಿ ಹೋಟೆಲು ಮತ್ತು ಮನರಂಜನೆಗೆ ಏಕೆ ಜಾಗ? ಜಾತಿಗೊಂದು ಪಂಕ್ತಿ, ಜಾತಿಗೊಂದು ಲೋಟ ಇಟ್ಟುಕೊಂಡಿದ್ದ ಸಮಾಜದಲ್ಲಿ ಮನುಷ್ಯನ ಘನತೆಯ ಪರೀಕ್ಷೆ ನಡೆಯುವುದು ಊಟದ ಎಲೆಯ ಮುಂದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಆದರೆ ಸಂವಿಧಾನದ ಆ ಪಟ್ಟಿಯಲ್ಲಿ ಉಡುಪಿನ ಮಾತಿಲ್ಲ, ಮಾಲು ಖಾಸಗಿ ಸ್ವತ್ತು, ಅಲ್ಲಿ ನಿಯಮ ಮಾಡುವ ಹಕ್ಕು ಮಾಲೀಕನಿಗಿಲ್ಲವೇ ಎಂದು ಕೆಲವರು ಕೇಳಿಯಾರು. ನಿಯಮ ಮಾಡಲಿ. ಧೂಮಪಾನ ಬೇಡ, ಟಿಕೆಟ್ ಇಲ್ಲದೆ ಪ್ರವೇಶವಿಲ್ಲ ಎಂಬ ನಿಯಮಗಳ ಕಾರಣವನ್ನು ತಡೆಯಲ್ಪಟ್ಟವನಿಗೇ ವಿವರಿಸಬಹುದು, ಅವನೂ ಒಪ್ಪಬಲ್ಲ. ‘ನಿನ್ನನ್ನು ನೋಡಲು ಇತರರಿಗೆ ಇಷ್ಟವಿಲ್ಲ’ ಎಂಬುದನ್ನು ಅವನ ಮುಖ ನೋಡಿ ಹೇಳಬಲ್ಲಿರಾ? ಹೇಳಲು ನಾಚಿಕೆಯಾಗುವ ಕಾರಣದ ಮೇಲೆ ನಿಂತ ನಿಯಮ ನಿಯಮವಲ್ಲ, ಅವಮಾನ. ನಮ್ಮ ನಾಡಿನಲ್ಲಿ ಉಡುಪು ಎಂದೂ ಬರಿಯ ಉಡುಪಲ್ಲ. ಅದು ಜಾತಿ, ಬಡತನ, ಹಳ್ಳಿಗಳ ಗುರುತು.

ಈ ಮಾತನ್ನು ಹೇಳುವಾಗ ದೇವಾಲಯದ ಬಾಗಿಲನ್ನೂ ನೋಡಿಕೊಳ್ಳಬೇಕು. ಚಿನ್ನದ ಉಂಗುರದವನನ್ನು ಒಳ್ಳೆಯ ಆಸನಕ್ಕೆ ಕರೆದು, ಕೊಳಕು ಬಟ್ಟೆಯ ಬಡವನನ್ನು ಅಲ್ಲಿ ನಿಲ್ಲೆನ್ನುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ್ದಾರೆ. ಮಾಲುಗಳು ಹುಟ್ಟುವ ಎಷ್ಟೋ ಶತಮಾನಗಳ ಹಿಂದೆ ಆ ಮಾತು ಹೇಳಿದ್ದು ವಿಶ್ವಾಸಿಗಳಿಗೇ.

ಇದು ಮುಂಬಾಗಿಲ ಮಾತಾಯಿತು. ವಿಹಾರಕ್ಕೆ ಹಿಂಬಾಗಿಲೂ ಒಂದುಂಟು. ನಮ್ಮ ಭಾನುವಾರದ ಬಿಡುವು ಇನ್ನೊಬ್ಬರ ಅತ್ಯಂತ ಭಾರವಾದ ದುಡಿಮೆಯ ದಿನ. ದೋಸೆ ಹೊಯ್ಯುವವನು, ಮೇಜು ಒರೆಸುವವನು, ಪಾತ್ರೆ ತೊಳೆಯುವ ತಾಯಿ, ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹುಡುಗಿ - ಇವರಿಗೆ ಬಿಡುವು ಯಾವಾಗ? ವಿಶ್ರಾಂತಿ ದಿನದ ಕಟ್ಟಳೆಯು ಮನೆಯ ಯಜಮಾನನಿಗೆ ಮಾತ್ರ ಬಿಡುವು ಕೊಡಲಿಲ್ಲ. ಆಳು, ದಾಸಿ, ಪರದೇಶಿ, ದನಕರುಗಳನ್ನೂ ಹೆಸರಿಸಿತು. ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ ಎಂಬ ನೆನಪೇ ಅದಕ್ಕೆ ಧರ್ಮೋಪದೇಶಕಾಂಡ ಕೊಡುವ ಕಾರಣ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ವಾರಕ್ಕೊಂದು ರಜೆಯನ್ನು ವಿಧಿಸಿದೆ. ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ಸೇರಿಸಿದವು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾಯಿತೆಂಬುದನ್ನು ಒಂದು ಕ್ಷಣ ಯೋಚಿಸಿ.

ಹಾಗಾದರೆ ಮನೆಯಲ್ಲಿಯೇ ಕುಳಿತಿರಬೇಕೇ? ಖಂಡಿತ ಬೇಡ. ನಾವು ಹೋಗದಿದ್ದರೆ ಅವರ ಕೂಲಿಯೂ ಇಲ್ಲ. ಹೋಗುವ ರೀತಿಯನ್ನು ತಿದ್ದಿಕೊಂಡರೆ ಸಾಕು. ಊರಿನಿಂದ ಬಂದ ಅಜ್ಜನಿಗೆ ‘ಅಲ್ಲಿಗೆ ಪ್ಯಾಂಟು ಹಾಕಿಕೊಂಡು ಬಾ’ ಎನ್ನಬೇಡಿ. ಅವರನ್ನು ಇದ್ದಂತೆಯೇ ಕರೆದೊಯ್ಯಿರಿ. ಬಾಗಿಲಲ್ಲಿ ಯಾರನ್ನಾದರೂ ತಡೆದರೆ, ಮೊಬೈಲಿನಲ್ಲಿ ಚಿತ್ರ ತೆಗೆಯುವ ಮೊದಲು ಅವರ ಪಕ್ಕದಲ್ಲಿ ಹೋಗಿ ನಿಲ್ಲಿರಿ. ಬಡಿಸುವವರನ್ನು ‘ಏಯ್’ ಎಂದು ಕರೆಯುವುದನ್ನು ಮಕ್ಕಳು ನಮ್ಮಿಂದ ಕಲಿಯದಿರಲಿ. ಅಂಗಡಿ ಮುಚ್ಚುವ ಹೊತ್ತಿಗೆ ಒಳಹೊಕ್ಕು ಹತ್ತು ಸೀರೆ ಬಿಚ್ಚಿಸುವ ಅಭ್ಯಾಸ ಬಿಡೋಣ.

ಎಲ್ಲರೂ ಒಂದೇ ಎತ್ತರದ ಮೇಜಿನ ಸುತ್ತ ನಿಂತು ತಿನ್ನುವ ದರ್ಶಿನಿಗಳು ಬೆಂಗಳೂರಿನಲ್ಲೇ ಹುಟ್ಟಿದವು. ಅಲ್ಲಿ ಆಟೋ ಓಡಿಸುವವರೂ ಅಧಿಕಾರಿಗಳೂ ಒಂದೇ ಚಟ್ನಿಗೆ ಕೈಚಾಚುತ್ತಾರೆ. ಕೆಂಗೇರಿಯಿಂದಾಚೆ ರಾಮೋಹಳ್ಳಿಯ ಬಳಿ ಸುಮಾರು ಮೂರು ಎಕರೆಯಷ್ಟು ಹರಡಿದ ದೊಡ್ಡ ಆಲದ ಮರವಿದೆ. ಅದರ ಮೂಲಕಾಂಡ ಎಂದೋ ಅಳಿದಿದೆ. ಇಳಿಬಿಟ್ಟ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಅದರ ನೆರಳಿಗೆ ಬರುವವರ ಉಡುಪನ್ನು ಯಾರೂ ನೋಡುವುದಿಲ್ಲ. ನಗರವೂ ಹೀಗೆಯೇ ಹೊರಗಿನಿಂದ ಬಂದು ಬೇರೂರಿದವರ ಬಲದಿಂದ ನಿಂತಿದೆ. ಈ ಮಾತು ನೆನಪಿದ್ದರೆ, ಮುಂದಿನ ಭಾನುವಾರ ನಾವು ಎಲ್ಲಿಗೇ ಹೋಗಲಿ, ಅಲ್ಲಿ ಇನ್ನೊಬ್ಬರಿಗೂ ಜಾಗ ಬಿಟ್ಟೇ ಕುಳಿತುಕೊಳ್ಳುತ್ತೇವೆ.