ಕಬ್ಬಿಣದ ಪ್ರಾಯ

ಅಡಿಕೆ ಸುಲಿಯುವ ಕತ್ತಿಗೆ ತುಕ್ಕು ಹಿಡಿಯಿತೆಂದು ಮಾಸ್ತಿಕಟ್ಟೆಯ ಮನೆಯಲ್ಲಿ ಅದನ್ನು ಗುಜರಿಗೆ ಎತ್ತಿಟ್ಟಿದ್ದೆ. ಹಳತಾಯಿತು ಎನ್ನುತ್ತೇವೆ, ಆದರೆ ಕಬ್ಬಿಣದ ಪ್ರಾಯವೆಷ್ಟು?

ಅದಿರು ಅದನ್ನು ತಾನಾಗಿ ಹೇಳಲಾರದು. ನಮ್ಮ ಮಲೆನಾಡಿನ ಬಾಬಾಬುಡನ್ ಗಿರಿಯಲ್ಲಿ ಅದಕ್ಕೊಂದು ಸಾಕ್ಷಿಯುಂಟು: ಅದಿರಿನ ಪದರಗಳ ಬುಡದಲ್ಲಿ ಬಿದ್ದ ಜ್ವಾಲಾಮುಖಿಯ ಬೂದಿ. ಆ ಬೂದಿಯ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಒಂದೇ ಗತಿಯಲ್ಲಿ ಸೀಸವಾಗುತ್ತ ಬಂದಿದೆ. ಎರಡನ್ನೂ ಅಳೆದ ವಿಜ್ಞಾನಿಗಳು 1997ರಲ್ಲಿ ಅದರ ಪ್ರಾಯ ಸುಮಾರು 272 ಕೋಟಿ ವರ್ಷವೆಂದರು.

ಅದೇ ಗಿರಿಯ ಕೆಮ್ಮಣ್ಣುಗುಂಡಿಯ ಅದಿರನ್ನು ಅಗೆದು ಭದ್ರಾವತಿಯ ಕುಲುಮೆಗೆ ಸುರಿಯಲು ನಮಗೆ ಕೆಲವು ದಶಕಗಳೇ ಸಾಕಾದವು. ಅಗೆದವರನ್ನು ದೂರುವುದು ಸುಲಭ. ನನ್ನ ಕತ್ತಿಯೂ ಇಂಥದೊಂದು ಬೆಟ್ಟದಿಂದಲೇ ಬಂದದ್ದಲ್ಲವೆ? ಕಬ್ಬಿಣವಿಲ್ಲದೆ ಬಾಳು ಸಾಗದು, ನಿಜ. ಆದರೆ ತೀರಿಸಲಾಗದ ಸಾಲ ತಂದವನಿಗೆ ಅದನ್ನು ಪೋಲು ಮಾಡುವ ಹಕ್ಕೆಲ್ಲಿಯದು?

ಕತ್ತಿಯನ್ನು ಮತ್ತೆ ಮಸೆದೆ. ಇನ್ನೊಂದು ಕೊಯ್ಲಿಗಾದರೂ ಬಂದೀತು.